ಎರೆ ಮಣ್ಣಿನಲ್ಲಿ ಮಡಗಾಸ್ಕರ್ ಪಾಮ್ ನೆಡಬಹುದಾ?

ಹಿತ್ತಲಗಿಡ (ದಾವಣಗೆರೆ):
ನರ್ಸರಿಯಲ್ಲಿ ಮಡಗಾಸ್ಕರ್ ಪಾಮ್ ಅಂತ ಮಾರೋ ಪ್ಯಾಕಿಪೋಡಿಯಂ ಲಮೇರಿ, 12 ಇಂಚಿನ ಕುಂಡದಲ್ಲಿದೆ. ಮೂರಡಿ ಎತ್ತರ, ಒಂದೇ ಕಾಂಡ. ಮನೆ ಮುಂದೆ ನೆಲಕ್ಕೆ ಇಳಿಸಬೇಕು, ಆದರೆ ನಮ್ಮದು ಎರೆ ಮಣ್ಣು, ಬೋರ್ ನೀರು ಗಡಸು. ಡಿಸೆಂಬರ್‌ನಿಂದ ಎಲೆ ಉದುರುತ್ತಿದೆ, ಉಳಿದವುಗಳ ತುದಿ ಕಪ್ಪಾಗಿದೆ. ಗೊಬ್ಬರ ಹಾಕಲಾ? ನೆತ್ತಿ ಕತ್ತರಿಸಿದರೆ ಕವಲು ಬರುತ್ತೆ ಅಂತಾರೆ, ನಿಜಾನಾ?

ಬಯಲುಸೀಮೆ (ಚಿತ್ರದುರ್ಗ):
ಚಳಿಗಾಲದಲ್ಲಿ ಎಲೆ ಉದುರಿಸೋದು ಇದರ ಸ್ವಭಾವ. ಹೆಸರಿಗಷ್ಟೇ ಪಾಮ್, ಇದು ಕಣಗಿಲೆ ಮತ್ತು ಅಡೇನಿಯಂ ಇರೋ ಕುಟುಂಬದ್ದು, ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತೆ. ಈಗ ಗೊಬ್ಬರ ಬೇಡವೇ ಬೇಡ. ಎಲೆ ಇಲ್ಲದ ಗಿಡ ನೀರು ಎಳೆಯಲ್ಲ, ಹಾಕಿದ್ದೆಲ್ಲ ಬೇರಿನ ಸುತ್ತ ನಿಂತು ಕೊಳೆಸುತ್ತೆ. ಮೊದಲು ಬುಡವನ್ನು ಮುಳ್ಳಿನ ನಡುವೆ ಬೆರಳಿಟ್ಟು ಒತ್ತಿ ನೋಡಿ. ಗಟ್ಟಿ ಇದ್ದರೆ ಚಿಂತೆ ಇಲ್ಲ. ಮೆತ್ತಗಿದ್ದರೆ ಇವತ್ತೇ ಕುಂಡದಿಂದ ಕಿತ್ತು ಬೇರು ನೋಡಬೇಕು.

ನೆಲಕ್ಕೆ ಇಳಿಸೋದಾದರೆ ಗುಂಡಿ ತೋಡಬೇಡಿ. ಎರೆ ಮಣ್ಣಲ್ಲಿ ಗುಂಡಿ ತೋಡಿ ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅದಕ್ಕೇ ಇಳಿದು ನಿಲ್ಲುತ್ತೆ. ನೆಲದ ಮೇಲೇ ಎರಡಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಕಟ್ಟಿ, ಸುತ್ತ ಕಲ್ಲು ಜೋಡಿಸಿ, ಸಿಮೆಂಟ್ ಬೇಡ. ದಪ್ಪ ಮರಳು ಎರಡು ಪಾಲು, 6 ಎಂಎಂ ಜಲ್ಲಿ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ಧೂಳು ತೆಗೀರಿ, ಇಲ್ಲದಿದ್ದರೆ ಗಾರೆ ಥರ ಗಟ್ಟಿಯಾಗುತ್ತೆ.

ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ನೆತ್ತಿಯಲ್ಲಿ ಹಸಿರು ಕಂಡ ಮೇಲೆ ನೆಡಿ. ವಾರ ಮುಂಚೆಯೇ ನೀರು ನಿಲ್ಲಿಸಿ, ಕಾಂಡಕ್ಕೆ ಗೋಣಿಚೀಲ ಸುತ್ತಿ ಎತ್ತಿ. ಕುಂಡದಲ್ಲಿ ದಕ್ಷಿಣಕ್ಕಿದ್ದ ಮಗ್ಗುಲಿಗೆ ಗುರುತು ಹಾಕಿ, ನೆಟ್ಟ ಮೇಲೂ ಅದೇ ದಿಕ್ಕಿಗಿರಲಿ. ನೆರಳಲ್ಲಿದ್ದ ತೊಗಟೆ ಏಪ್ರಿಲ್ ಬಿಸಿಲಿಗೆ ಸುಡುತ್ತೆ. ಕುಂಡದಲ್ಲಿದ್ದಷ್ಟೇ ಆಳ. ಮೊದಲ ನೀರು ಒಂದು ವಾರ ಬಿಟ್ಟು.

ಕಲ್ಲುತೋಟ:
ಕೊಟ್ಟಿಗೆ ಗೊಬ್ಬರ ಅರ್ಧ ಪಾಲೂ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಸಾರಜನಕ ಹೆಚ್ಚಾದರೆ ಕಾಂಡ ಸಣಕಲಾಗಿ ಉದ್ದಕ್ಕೆ ಹೋಗುತ್ತೆ. ಒಂದೆರಡು ಹಿಡಿ ಬೇವಿನ ಹಿಂಡಿ ಸಾಕು, ಅದೂ ಮೇ ನಂತರ.

ನೆತ್ತಿ ಕತ್ತರಿಸೋ ವಿಷಯ: ಹೂ ಬೇಕಿದ್ದರೆ ಕತ್ತರಿಸಬೇಡಿ. ಬಿಳಿ ಹೂ ಬಿಡೋದು ಕಾಂಡದ ತುದಿಯಲ್ಲೇ, ಅದೂ ಸಾಮಾನ್ಯವಾಗಿ ಗಿಡ ನಾಲ್ಕೈದು ಅಡಿ ದಾಟಿದ ಮೇಲೆ. ಹೂ ಬಿಟ್ಟ ನಂತರ ತಾನೇ ಕವಲೊಡೆಯೋದುಂಟು. ಕತ್ತರಿಸಿದರೆ ಹಲವು ಸಲ ಒಂದೇ ಚಿಗುರು ಬರುತ್ತೆ, ಹೂ ವರ್ಷಗಟ್ಟಲೆ ಹಿಂದೆ ಬೀಳುತ್ತೆ. ಕತ್ತರಿಸಿದ ತುಂಡು ಬೇರು ಬಿಡೋದೂ ಕಷ್ಟ, ಅಡೇನಿಯಂ ಥರ ಅಲ್ಲ. ಕತ್ತರಿಸಲೇಬೇಕಾಗಿ ಬರೋದು ಕೊಳೆತಾಗ: ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿಂದ ಕಂದು ಬಣ್ಣ ಪೂರ್ತಿ ಹೋಗುವವರೆಗೆ ಕೊಯ್ದು, ಸಾಫ್ ಅನ್ನೋ ಶಿಲೀಂಧ್ರನಾಶಕ ಪುಡಿ ಬಳಿದು, ಗಾಯ ಒಣಗುವ ತನಕ ನೆರಳಲ್ಲಿಡಿ. ರಸ ವಿಷ, ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ.

ಬಯಲುಸೀಮೆ:
ಗೊಬ್ಬರದ ಮಾತು ಒಪ್ಪಿದೆ. ನೀರಿನದ್ದು ಹೇಳಿಬಿಡ್ತೀನಿ. ಎಲೆ ತುದಿ ಕಪ್ಪಾಗೋಕೆ ಗಡಸು ನೀರಿನ ಉಪ್ಪೂ ಕಾರಣ ಇರಬಹುದು. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಮಳೆ ನೀರು ಹಿಡಿದಿಟ್ಟು ಹಾಕೋದು ಒಳ್ಳೇದು. ಬೇಸಿಗೆಯಲ್ಲಿ ತುಂಬು ಎಲೆ ಇದ್ದಾಗ ವಾರಕ್ಕೊಮ್ಮೆ ಧಾರಾಳ ಕೊಡಿ. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಅಪಾಯ, ಆಗ ಕೈನೀರು ಪೂರ್ತಿ ಬಂದ್.

ಹಿತ್ತಲಗಿಡ:
ಬುಡ ಗಟ್ಟಿ ಇದೆ, ಬಿಳಿ ಪೊರೆಯೂ ಇದೆ. ಮುಳ್ಳಿನ ಬುಡದಲ್ಲಿ ಹತ್ತಿಯಂಥದ್ದು ಕಾಣ್ತಿದೆ, ಅದೂ ಉಪ್ಪಾ?

ಕಲ್ಲುತೋಟ:
ಅಲ್ಲ, ಹಿಟ್ಟು ತಿಗಣೆ. ಲೀಟರ್‌ಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ದಿಬ್ಬಕ್ಕೆ ಇಳಿಸುವಾಗ ಬೇರಲ್ಲೂ ಇದೆಯಾ ನೋಡಿ, ಇದ್ದರೆ ಹಳೇ ಮಣ್ಣೆಲ್ಲ ತೊಳೆದು, ಬೇರು ಒಣಗಿಸಿ ನೆಡಿ.