ಫೆಲನಾಪ್ಸಿಸ್ ಆರ್ಕಿಡ್: ಹೂ ಉದುರಿದ ಮೇಲೆ ಕುಂಡ ಬದಲಿಸೋದು ಹೇಗೆ?

ಬಾಲ್ಕನಿತೋಟ:
ನರ್ಸರಿಯಿಂದ ತಂದ ಫೆಲನಾಪ್ಸಿಸ್, 4 ಇಂಚಿನ ಪ್ಲಾಸ್ಟಿಕ್ ಕುಂಡ, ತುಂಬಾ ಮಾಸ್ (ಒಣಗಿಸಿದ ಪಾಚಿ). ವಾರಕ್ಕೊಮ್ಮೆ ನೀರು ಹಾಕ್ತಿದ್ರೂ ಕೆಳಗಿನ ಎರಡು ಎಲೆ ಸುಕ್ಕಾಗಿ ಜೋತುಬಿದ್ದಿವೆ. ಬೆರಳು ಹಾಕಿದ್ರೆ ಒಳಗೆ ತೇವ ಇದೆ. ಕೆಂಪುಮಣ್ಣು, ಕೋಕೋಪೀಟ್ ಮನೇಲಿದೆ, ಅದಕ್ಕೆ ಹಾಕಬಹುದಾ?

ಇದ್ದಿಲುಚೂರು:
ಎರಡೂ ಬೇಡ. ಇದು ಮರದ ತೊಗಟೆ ಹಿಡಿದು ಬೆಳೆಯೋ ಗಿಡ, ಬೇರಿಗೆ ನೀರಿನಷ್ಟೇ ಗಾಳಿ ಬೇಕು. ಒಳಗೆ ತೇವ ಇದ್ದೂ ಎಲೆ ಸುಕ್ಕಾಗಿದೆ ಅಂದ್ರೆ ಬೇರು ಕೊಳೆತು ನೀರು ಹೀರ್ತಿಲ್ಲ.

ಕುಂಡದ ಸಮೇತ ಕಾಲು ಗಂಟೆ ನೀರಲ್ಲಿಟ್ಟು ಗಿಡ ಎತ್ತಿ, ಮಾಸ್ ಪೂರ್ತಿ ಬಿಡಿಸಿ. ಬುಡದ ನಡುವೆ ಒತ್ತಿಹೋದ ಉಂಡೆ ಇದ್ರೆ ಅದನ್ನೂ ತೆಗೀರಿ, ಕೊಳೆ ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ. ಆಮೇಲೆ ಒಂದೊಂದೇ ಬೇರು ಹಿಚುಕಿ. ಗಟ್ಟಿ ಇದ್ರೆ ಹಳದಿ ಬಣ್ಣ ಇದ್ರೂ ಬಿಡಿ, ಬೆಳಕು ಕಾಣದ ಬೇರು ಹಾಗೇ ಇರೋದು. ಸಿಪ್ಪೆ ಜಾರಿ ದಾರದಂಥ ನಾರು ಕೈಗೆ ಬಂದ್ರೆ ಗಟ್ಟಿ ಭಾಗದವರೆಗೆ ಕತ್ತರಿಸಿ. ಕತ್ತರಿಯನ್ನ ಮೊದಲು ಬೆಂಕಿಗೆ ಹಿಡೀರಿ. ಚಕ್ಕೆಪುಡಿ (ದಾಲ್ಚಿನ್ನಿ) ಹಚ್ಚೋದಾದ್ರೆ ಕತ್ತರಿಸಿದ ತುದಿಗೆ ಮಾತ್ರ. ಇಡೀ ಬೇರಿಗೆ ಸವರಿದ್ರೆ ಒಳ್ಳೆ ಬೇರೂ ಒಣಗುತ್ತೆ.

ತೊಗಟೆ_ತೇವ:
ಮಿಶ್ರಣಕ್ಕೆ ಪೈನ್ ತೊಗಟೆ 2 ಪಾಲು, ಇದ್ದಿಲು 1 ಪಾಲು, ಎಲ್ಲ ಮುಕ್ಕಾಲು ಇಂಚಿನ ಚೂರು. ಪುಡಿ ಜರಡಿ ಹಿಡಿದು ಎಸೀರಿ. ತೊಗಟೆ ಸಿಗದಿದ್ರೆ ತೆಂಗಿನ ಸಿಪ್ಪೆ ತುಂಡು, ಆದ್ರೆ ಅದರಲ್ಲಿ ಉಪ್ಪಿನಂಶ ಇರುತ್ತೆ: 2 ದಿನ ನೆನೆಸಿ, ನಾಲ್ಕೈದು ಸಲ ನೀರು ಬದಲಿಸಿ.

ಕುಂಡ ದೊಡ್ಡದು ಬೇಡವೇ ಬೇಡ, ನಡುಭಾಗ ಒಣಗಲ್ಲ. ಎಲೆಯ ಬುಡ ಹೂತುಹೋಗಬಾರದು. ಗಿಡ ಅಲ್ಲಾಡಿದ್ರೆ ಹೊಸ ಬೇರಿನ ತುದಿ ಉಜ್ಜಿಹೋಗುತ್ತೆ, ಕಡ್ಡಿಗೆ ಕಟ್ಟಿ. ಮೊದಲ 4 ದಿನ ನೆರಳು, ನೀರಿಲ್ಲ. ಆಮೇಲೆ ವಾರದ ಲೆಕ್ಕ ಬಿಡಿ: ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ನೀರು, ನೆನೆದ ಕೂಡಲೇ ಹಸಿರಾಗುತ್ತೆ. ಹೊಸ ಬೇರು ಕಂಡ ಮೇಲಷ್ಟೇ 19:19:19 ಗೊಬ್ಬರ, ಲೀಟರ್ ನೀರಿಗೆ ಅರ್ಧ ಗ್ರಾಂ.

ಮಲೆನಾಡ_ಮಳೆ:
ಡೆಂಡ್ರೋಬಿಯಂ ಆರ್ಕಿಡ್ ಇರೋರು ‘ಹೂ ಉದುರಿದ ಮೇಲೆ’ ಅನ್ನೋ ಲೆಕ್ಕ ಹಿಡೀಬೇಡಿ. ಬುಡದಲ್ಲಿ ಹೊಸ ಚಿಗುರು 2 ಇಂಚಾಗಿ ಬೇರು ಮೂಡುವಾಗ ಬದಲಿಸಿ. ಎಲೆ ಉದುರಿದ ಹಳೇ ಕಾಂಡ ಕತ್ತರಿಸಬೇಡಿ, ಗಿಡದ ಉಗ್ರಾಣ ಅದೇ. ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆಗೆ ಕುಂಡವೇ ಬೇಡ, ಮರದ ತುಂಡಿಗೆ ಕಟ್ಟಿ.

ಬಾಲ್ಕನಿತೋಟ:
ಬಿಡಿಸಿದೆ. 9 ಬೇರಲ್ಲಿ 4 ಗಟ್ಟಿ. ಸಾಕಾ?

ಇದ್ದಿಲುಚೂರು:
ಸಾಕು. 3 ಇಂಚಿನ ಕುಂಡಕ್ಕೆ ಇಳಿಸಿ. ಸುಕ್ಕಾದ ಎಲೆ ಪೂರ್ತಿ ನೆಟ್ಟಗಾಗೋದು ಕಡಿಮೆ, ಆದ್ರೂ ಹಸಿರಿರೋವರೆಗೆ ಕೀಳಬೇಡಿ. ಮುಂದೆ ಬರೋ ಎಲೆ ನೋಡಿ.