ಸಹಾಯ ಬೇಕು: ಎಂಟನೇ ಕ್ಲಾಸಿಗೆ ಹೋದ ಮಗಳು ಮಾತೇ ಆಡುತ್ತಿಲ್ಲ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸಿನವರೆಗೆ ಓಣಿಯ ಕನ್ನಡ ಶಾಲೆಯಲ್ಲಿ ಓದಿದಳು. ಈ ಜೂನ್‌ನಿಂದ ಇಂಗ್ಲಿಷ್ ಮೀಡಿಯಂ ಹೈಸ್ಕೂಲು.

ಮೊದಲು ಚಪ್ಪಲಿ ಬಿಡೋದರೊಳಗೆ ಇಡೀ ದಿನದ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಈಗ ಬಂದವಳೇ ರೂಮು ಸೇರುತ್ತಾಳೆ. ಏನು ಕೇಳಿದರೂ "ಏನಿಲ್ಲ ಬಿಡವ್ವ". ರೊಟ್ಟಿ, ಶೇಂಗಾ ಚಟ್ನಿ ಅಂದರೆ ಪ್ರಾಣ ಬಿಡುತ್ತಿದ್ದವಳು "ಡಬ್ಬಿಗೆ ರೊಟ್ಟಿ ಬ್ಯಾಡ, ಬ್ರೆಡ್ ಹಾಕು" ಅನ್ನುತ್ತಾಳೆ. ಮೊನ್ನೆ ಡಬ್ಬಿ ತೆಗೆದರೆ ರೊಟ್ಟಿ ಮಡಚಿಟ್ಟ ಹಾಗೇ ಇತ್ತು, ಚಟ್ನಿ ಮಾತ್ರ ಖಾಲಿ. ವಿಜ್ಞಾನದ ಪುಸ್ತಕದಲ್ಲಿ ಸಾಲುಸಾಲಿಗೂ ಪೆನ್ಸಿಲ್‌ನಲ್ಲಿ ಸಣ್ಣಗೆ ಕನ್ನಡ ಅರ್ಥ ಬರೆದುಕೊಂಡಿದ್ದಾಳೆ. ನೋಡಿ ಕರುಳು ಚುರ್ ಅಂತು.

ತಮ್ಮನದು ಉಲ್ಟಾ. ನನ್ನ ಸೆರಗು ಬಿಡದ ಹುಡುಗ ಒಂದನೇ ಕ್ಲಾಸಿಗೆ ಹೋದದ್ದೇ ತಡ, ಓಣಿಗೆಲ್ಲ ಲೀಡರ್! ಅವನ ಚಿಂತೆ ಇಲ್ಲ.

ಅತ್ತೆಯವರು "ವಯಸ್ಸಿಗೆ ಬಂದ ಹುಡುಗಿ, ಸುಮ್ನೆ ಬಿಡು" ಅನ್ನುತ್ತಾರೆ. ನಮ್ಮ ಮನೆಯವರು ಟ್ಯೂಷನ್ ಹಚ್ಚೋಣ ಅನ್ನುತ್ತಾರೆ. ನನಗೆ ಇದು ಬರೀ ಓದಿನ ವಿಷಯ ಅನ್ನಿಸುತ್ತಿಲ್ಲ.

ಎಂಟನೇ ಕ್ಲಾಸಿಗೆ ಮೀಡಿಯಂ ಬದಲಿಸಿದ ನಿಮ್ಮ ಮಕ್ಕಳು ಹೇಗೆ ಹೊಂದಿಕೊಂಡರು? ಏನು ಮಾಡಿದರೆ ಬಾಯಿ ಬಿಟ್ಟರು? ಮಕ್ಕಳ ಜೊತೆ ಎದುರಿಗೆ ಕೂತು ಮಾತಾಡುವ ಕೌನ್ಸೆಲರ್ ಊರಲ್ಲಿ ಯಾರಾದರೂ ಗೊತ್ತಾ? ಮನಸ್ಸಿನ ತೊಂದರೆಗೆ ಫೋನಿನಲ್ಲಿ ಸಲಹೆ ಕೊಡುವ ಸರಕಾರದ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಇವಳು ಫೋನಿನಲ್ಲಿ ಹೂಂ, ಊಹೂಂ ಬಿಟ್ಟು ಜಾಸ್ತಿ ಮಾತಾಡುವವಳಲ್ಲ. ಸ್ಟೇಷನ್ ರೋಡ್ ಕಡೆ ಯಾರಾದರೂ ಇದ್ದರೆ ಅನುಕೂಲ.

ಶಾಲೆ ಬಿಡಿಸಿ ಅಂತ ಮಾತ್ರ ಹೇಳಬೇಡಿ, ವರ್ಷದ ಫೀ ಕಟ್ಟಿ ಆಗಿದೆ.