ಮಗುವಿಗೆ ಆರು ವಾರ, ತಾಯಿಗೆ ನಿದ್ದೆಯಿಲ್ಲ: ಕಾಯಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮ ಮೊದಲ ಮಗುವಿಗೆ ಆರು ವಾರ. ಹೆಂಡತಿ ತಿಪಟೂರಿನ ಹತ್ತಿರ ತವರುಮನೆಯಲ್ಲಿ ಬಾಣಂತನದಲ್ಲಿದ್ದಾಳೆ. ನಾನು ಬೆಂಗಳೂರಿನಿಂದ ಶನಿವಾರ ಹೋಗಿ ಬರುತ್ತೇನೆ. ಮೂರು ವಾರದಿಂದ ಅವಳು ಸರಿಯಾಗಿ ಮಾತಾಡುತ್ತಿಲ್ಲ. ಸುಮ್ನೆ ಕೂತು ಅಳುತ್ತಾಳೆ. ಮಗು ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ. ‘ದೃಷ್ಟಿಯಾಗಿದೆ, ತಿಂಗಳು ಕಳೆದರೆ ಸರಿಹೋಗುತ್ತೆ’ ಅನ್ನುತ್ತಾರೆ ಅತ್ತೆ. ಕಾಯಬಹುದಾ?

ಮನೋವೈದ್ಯೆಯ ಉತ್ತರ: ಕಾಯಬೇಡಿ. ಹೆರಿಗೆಯಾದ ಎರಡು ಮೂರು ದಿನಕ್ಕೆ ಅಳು, ಸಿಡುಕು ಬರುವುದು ತುಂಬಾ ಜನರಿಗೆ ಉಂಟು. ಅದು ಎರಡು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಆರನೇ ವಾರದಲ್ಲೂ ಹೀಗೇ ಇದ್ದರೆ ಖಿನ್ನತೆ ಇರಬಹುದು. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಳವಳ ತಂದದ್ದು ಆ ನಿದ್ದೆಯ ಮಾತು.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರು ದೃಷ್ಟಿ ತೆಗೆಯಲಿ, ಜೊತೆಗೆ ಡಾಕ್ಟರಿಗೂ ತೋರಿಸೋಣ ಅನ್ನಿ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯ, ಕಿವಿಗೆ ಹತ್ತಿ, ಎಲ್ಲವನ್ನೂ ನಮ್ಮ ಮನೆಗಳಲ್ಲಿ ಎಷ್ಟು ಜತನದಿಂದ ಮಾಡುತ್ತಾರೆ ಅಲ್ವಾ? ‘ಮನಸ್ಸಿಗೆ ಹೇಗಿದೆ’ ಅಂತ ಬಾಣಂತಿಯನ್ನು ಕೇಳುವುದೊಂದೇ ಮರೆತುಹೋಗುತ್ತದೆ.

ಬಾಣಂತಿಯರಲ್ಲಿ ಖಿನ್ನತೆ ಇದೆಯಾ ಅಂತ ನೋಡಲು ನಾವು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಬಳಸುತ್ತೇವೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಅದರ ಕೊನೆಯ ಪ್ರಶ್ನೆಯನ್ನು ನೀವೇ ಇವತ್ತು ಕೇಳಿ: ‘ನಿನಗೆ ನೀನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆಯೂ ಆಗಲಿ.

ಮತ್ತೆ ಅದೇ ಓದುಗರು: ಫೋನಿನಲ್ಲಿ ಕೇಳಿದೆ ಮೇಡಂ. ‘ನಾನಿಲ್ಲದಿದ್ದರೆ ಮಗು ಚೆನ್ನಾಗಿರುತ್ತೆ ಅನ್ನಿಸುತ್ತೆ’ ಅಂದಳು. ನನ್ನ ಕೈಕಾಲೇ ಆಡುತ್ತಿಲ್ಲ. ಮಾತ್ರೆ ಕೊಟ್ಟರೆ ಹಾಲು ಬಿಡಿಸುತ್ತಾರೆ, ಅಡ್ಮಿಟ್ ಮಾಡಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ಅವಳಿಗೆ ಭಯ.

ಉತ್ತರ: ಈಗಲೇ ಹೊರಡಿ. ನೀವು ತಲುಪುವವರೆಗೆ ಅವರನ್ನು ಒಬ್ಬರನ್ನೇ ಬಿಡಬಾರದು ಅಂತ ಅತ್ತೆಯವರಿಗೆ ಹೇಳಿ. ದಾರಿಯಲ್ಲಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತೇ ಆಸ್ಪತ್ರೆಗೆ ತೋರಿಸಬೇಕು, ನಾಳೆ ಅನ್ನಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗವಾದರೂ ಸರಿ. ಅವರು ಅಸಂಬದ್ಧವಾಗಿ ಮಾತಾಡಿದರೆ, ಮನೆಯವರ ಮೇಲೇ ಅನುಮಾನಪಟ್ಟರೆ, ಮಗುವನ್ನು ಕ್ಷಣವೂ ಅವರೊಬ್ಬರ ಹತ್ತಿರ ಬಿಡಬೇಡಿ. ಅದು ಇನ್ನೂ ತೀವ್ರವಾದ ಕಾಯಿಲೆಯ ಲಕ್ಷಣ.

ಹಾಲಿನ ವಿಷಯ ಅವರಿಗೆ ಧೈರ್ಯವಾಗಿ ಹೇಳಿ. ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಇದನ್ನು ತೆಗೆದುಕೊಳ್ಳುತ್ತಲೇ ಹಾಲೂಡಿಸುವ ತಾಯಂದಿರು ಬೇಕಾದಷ್ಟು ಜನ ಇದ್ದಾರೆ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನೋಡಿದ ವೈದ್ಯರೇ ಹೇಳಬೇಕು. ಮಗುವನ್ನು ಕಿತ್ತುಕೊಳ್ಳುವ ಮಾತೂ ಇಲ್ಲ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಅನ್ನುತ್ತದೆ. ತಾಯಿಯಿಂದಲೇ ಮಗುವಿಗೆ ಅಪಾಯ ಅನ್ನಿಸಿದರೆ ಮಾತ್ರ ಸ್ವಲ್ಪ ಕಾಲ ದೂರ ಇಡುತ್ತಾರೆ.

ಹೆರಿಗೆ ಆಸ್ಪತ್ರೆಯ ಚೀಟಿ, ಮಗುವಿನ ಬಟ್ಟೆ ಎತ್ತಿಕೊಳ್ಳಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ತಲುಪಿದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ, ನೋಡುತ್ತಿರುತ್ತೇನೆ.